ಮುಕಾವಾ ಬೇರಿನ ಕಷಾಯ: ಡಾಕ್ಟರಿಗೆ ಕೇಳಿ (ನೈರೋಬಿ ಕನ್ನಡಿಗರ ಗುಂಪು)

ಸದಸ್ಯೆ, ಥೀಕಾ: ಡಾಕ್ಟರೇ, ಕಿಕುಯು ಜನ ಮುಕಾವಾ ಅಂತಾರಲ್ಲ, ಆ ಮುಳ್ಳಿನ ಪೊದೆಯ ಬೇರು ಮಲೇರಿಯಾಕ್ಕೆ ಆಗುತ್ತಾ? ಏಳು ದಿನ ಕಷಾಯ ಕುಡಿದರೆ ಸಾಕು ಅಂತ ಫಾರ್ವರ್ಡ್ ಬಂದಿದೆ.

ಡಾಕ್ಟರ್: ಇಲ್ಲಿಯವರು ಜ್ವರ, ಎದೆನೋವು, ಕೀಲುನೋವಿಗೆ ಬಹಳ ಕಾಲದಿಂದ ಬಳಸುತ್ತಾರೆ. ಮಸಾಯಿಗಳು ಸಾರಿಗೂ ಹಾಕುತ್ತಾರೆ. ಆದರೆ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ, 3 ದಿನ ಮಾತ್ರೆ ತಗೊಳ್ಳಿ. ಕಷಾಯ ಕುಡಿಯುತ್ತಾ ಕಾದರೆ ಜ್ವರ ಮಿದುಳಿಗೆ ಹೋಗಬಹುದು.

ಸದಸ್ಯ, ನಾಕುರು: ಹರ್ಪಿಸ್ ಗುಳ್ಳೆ ವಾಸಿಯಾಗುತ್ತೆ ಅಂತ ಸಂಶೋಧನೆಯೇ ಆಗಿದೆಯಂತೆ?

ಡಾಕ್ಟರ್: 2006ರಲ್ಲಿ ಕೀನ್ಯಾದವರ ಪ್ರಯೋಗ ಪ್ರಕಟವಾಗಿದೆ. ಇಲಿಗಳ ಮೇಲೆ.

ಸದಸ್ಯ, ವೆಸ್ಟ್‌ಲ್ಯಾಂಡ್ಸ್: ಸರ್, ಅಮ್ಮ ಹಾಸನದಿಂದ ಬಂದಿದ್ದಾರೆ. 68 ವರ್ಷ, ಹೃದಯಕ್ಕೆ ಡಿಗಾಕ್ಸಿನ್ ತಗೋತಾರೆ. ಸಂತೆಯಲ್ಲಿ ಮುಕಾವಾ ಅಂತ ಬೇರಿನ ಕಟ್ಟು ಕೊಂಡು, ಮಂಡಿನೋವಿಗೆ ನಿನ್ನೆಯಿಂದ ಕಷಾಯ ಕುಡಿದಿದ್ದಾರೆ. ಬೆಳಿಗ್ಗೆಯಿಂದ ವಾಂತಿ, ತಲೆಸುತ್ತು. ಗ್ಯಾಸ್ ಇರಬಹುದಾ?

ಡಾಕ್ಟರ್: ಗ್ಯಾಸ್ ಅಂತ ಕೂರಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ, ದಾರಿಯಲ್ಲಿ ಓದಿ. ಮುಕಾವಾ ಜಾತಿಗೆ ಹತ್ತಿರದ ನೆಂಟ ಇನ್ನೊಂದು ಗಿಡ ಇದೆ, ಅಕೋಕಾಂಥೆರಾ. ಎಲೆ, ಬಿಳಿ ಹೂವು, ಹಾಲು ಎಲ್ಲ ಒಂದೇ ಥರ. ಮುಕಾವಾಕ್ಕೆ ಮುಳ್ಳುಂಟು, ಅದಕ್ಕಿಲ್ಲ. ಬರೀ ಬೇರು ತಂದರೆ ಮುಳ್ಳು ಎಲ್ಲಿ ನೋಡುತ್ತೀರಿ? ಪೂರ್ವ ಆಫ್ರಿಕಾದ ಬೇಟೆಗಾರರು ಬಾಣಕ್ಕೆ ಹಚ್ಚುತ್ತಿದ್ದ ವಿಷ ಅದರದ್ದು. ಡಿಗಾಕ್ಸಿನ್ ಥರವೇ ಹೃದಯದ ಮೇಲೆ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಬಡಿತ ತೀರಾ ಇಳಿಯಬಹುದು, ತಾಳ ತಪ್ಪಬಹುದು. ಇಸಿಜಿ, ರಕ್ತದ ಪೊಟ್ಯಾಸಿಯಂ ಎರಡನ್ನೂ ಕೇಳಿ ಮಾಡಿಸಿ. ಇವತ್ತಿನ ಡಿಗಾಕ್ಸಿನ್ ಕೊಡುವ ಮುಂಚೆ ಅಲ್ಲಿನ ಡಾಕ್ಟರನ್ನು ಕೇಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಳಿದ ಬೇರು, ಮಾತ್ರೆ ಚೀಟಿ ಜೊತೆಗಿರಲಿ.

ಸದಸ್ಯ, ಮೊಂಬಾಸಾ: ಸುಮ್ನೆ ಹೆದರಿಸುತ್ತೀರಿ. ಮುಕಾವಾ ಅಂದರೆ ನಮ್ಮ ಕವಳಿ ಹಣ್ಣೇ. ಚಿಕ್ಕಂದಿನಲ್ಲಿ ಗುಡ್ಡದಲ್ಲಿ ತಿಂದು ಬೆಳೆದವರು ನಾವು.

ಸದಸ್ಯೆ, ಕಂಪಾಲಾ: ನೀವು ತಿಂದದ್ದು ಹಣ್ಣು ಅಣ್ಣ, ಬೇರಲ್ಲ. ಅವರ ತಾಯಿ ಒದ್ದಾಡುತ್ತಿದ್ದಾರೆ, ಸ್ವಲ್ಪ ನೋಡಿ ಮಾತಾಡಿ.

ಸದಸ್ಯ, ಮೊಂಬಾಸಾ: ನನಗೆ ಪಾಠ ಬೇಡ. ಆಡು, ಹಕ್ಕಿ ಎಲ್ಲ ತಿನ್ನುತ್ತವೆ.

ಡಾಕ್ಟರ್: ಕವಳಿ, ಮುಕಾವಾ ಒಂದೇ ಜಾತಿ, ಒಪ್ಪಿದೆ. ಆ ಕಟ್ಟಿನಲ್ಲಿರುವುದು ಮುಕಾವಾನೇ ಅಂತ ನಿಮಗೆ ಹೇಗೆ ಗೊತ್ತು? ಇಲ್ಲಿನ ಜುಟ್ಟಿನ ಇಲಿ ಅಕೋಕಾಂಥೆರಾ ತೊಗಟೆ ಅಗಿದು ಎಂಜಲನ್ನು ಕೂದಲಿಗೆ ಸವರಿಕೊಳ್ಳುತ್ತದೆ. ಅದನ್ನು ಕಚ್ಚಿದ ನಾಯಿ ಸಾಯಲೂಬಹುದು, ಇಲಿಗೆ ಏನೂ ಆಗಲ್ಲ. ಪ್ರಾಣಿ ನೋಡಿ ಅಮ್ಮನಿಗೆ ಔಷಧಿ ಕೊಡುತ್ತೀರಾ?

ಸದಸ್ಯೆ, ಎಲ್ಡೊರೆಟ್: ಇದರ ಕಾಯಲ್ಲಿ ಉಪ್ಪಿನಕಾಯಿ ಹಾಕಬಹುದಾ?

ಸದಸ್ಯ, ಕಿಸುಮು: ಮಲೇರಿಯಾಕ್ಕೆ ಮಕ್ಕಳಿಗೆ ಎಷ್ಟು ಚಮಚ ಸರ್?

ಡಾಕ್ಟರ್: ಒಂದು ಹನಿಯೂ ಬೇಡ. ಮೇಲೆ ಬರೆದಿದ್ದೇನೆ.

ಸದಸ್ಯ, ಮೊಂಬಾಸಾ: (ಫಾರ್ವರ್ಡ್) ಮುಕಾವಾ: 21 ರೋಗಕ್ಕೆ ಒಂದೇ ಬೇರು!

ಡಾಕ್ಟರ್: ದಯವಿಟ್ಟು ಅಳಿಸಿ. ಇದನ್ನು ಓದಿಯೇ ಜನ ಸಂತೆಗೆ ಹೋಗುವುದು.

ಸದಸ್ಯೆ, ಕಂಪಾಲಾ: ಅಡ್ಮಿನ್ ಎಲ್ಲಿದ್ದೀರಿ?

ಸದಸ್ಯ, ವೆಸ್ಟ್‌ಲ್ಯಾಂಡ್ಸ್: ಆಸ್ಪತ್ರೆಯಲ್ಲಿದ್ದೇವೆ. ನಾಡಿ 42. ದೀಪ ಹಳದಿ ಕಾಣುತ್ತೆ ಅಂತಿದ್ದಾರೆ ಅಮ್ಮ.

ಡಾಕ್ಟರ್: ಹಳದಿ ಕಾಣುವುದನ್ನು ಅಲ್ಲಿನ ಡಾಕ್ಟರಿಗೆ ತಪ್ಪದೆ ಹೇಳಿ. ನನ್ನ ನಂಬರ್ ಅವರಿಗೆ ಕೊಡಿ, ಫೋನ್ ಕೈಯಲ್ಲೇ ಇದೆ.