ಎಂಜಿಬಿಗೆ ಎಲೆಕ್ಟ್ರಿಕ್ ಫ್ಯಾನ್: ನಿಧಾನ ಸುತ್ತುತ್ತೆ, ರಿಲೇ ಸುಡುತ್ತೆ, ಕೀ ಆಫ್ ಮಾಡಿದರೂ ಎಂಜಿನ್ ತಕ್ಷಣ ನಿಲ್ಲಲ್ಲ

ಬಸವನಗುಡಿ_ಬಿ:
ಕಾರು 1971ರ ಎಂಜಿಬಿ (ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು), ನೆಗೆಟಿವ್ ಅರ್ತ್ (ಬ್ಯಾಟರಿಯ ಮೈನಸ್ ಬಾಡಿಗೆ), ಲೂಕಾಸ್ 16ಎಸಿಆರ್ ಆಲ್ಟರ್ನೇಟರ್. ವಾಟರ್ ಪಂಪ್ ಮೇಲಿದ್ದ ಹಳೇ ಫ್ಯಾನ್ ತೆಗೆದು ರೇಡಿಯೇಟರ್ ಮುಂದೆ 12 ಇಂಚಿನ ಎಲೆಕ್ಟ್ರಿಕ್ ಫ್ಯಾನ್ ಹಾಕಿದೆ. ಫ್ಯಾನ್ ಮೇಲೆ 12 ಆಂಪ್ ಅಂತ ಬರೆದಿದೆ. ರಿಲೇಯ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್; 30, 87 ದೊಡ್ಡ ಕರೆಂಟ್‌ನ ಪಿನ್, 85, 86 ಅದರ ಕಾಯಿಲ್‌ನ ಪಿನ್) 30ಕ್ಕೂ 86ಕ್ಕೂ ಫ್ಯೂಸ್ ಬಾಕ್ಸ್‌ನ ಬಿಳಿ ವೈರ್‌ನಿಂದ ಕರೆಂಟ್, 85 ಥರ್ಮೋ ಸ್ವಿಚ್ (ನೀರು ಬಿಸಿಯಾದಾಗ ಆನ್ ಆಗುವುದು) ಮೂಲಕ ಬಾಡಿಗೆ, 87 ಫ್ಯಾನಿಗೆ. ವೈರ್ ಎಲ್ಲಾ 1.5 ಸ್ಕ್ವೇರ್ ಎಂಎಂ.

ತೊಂದರೆ ಮೂರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಟೆಂಪರೇಚರ್ ಮುಳ್ಳು ಏರುತ್ತಲೇ ಇರುತ್ತೆ, ಫ್ಯಾನ್ ಸುತ್ತುತ್ತಿದ್ದರೂ ಗಾಳಿ ಸಾಲದು. ರಿಲೇಯ 30ನೇ ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಫ್ಯಾನ್ ಓಡುವಾಗ ಕೀ ಆಫ್ ಮಾಡಿದರೆ ಎಂಜಿನ್ ಒಂದೆರಡು ಸೆಕೆಂಡ್ ಹಾಗೇ ಓಡಿ ಆಮೇಲೆ ನಿಲ್ಲುತ್ತೆ. ಫ್ಯಾನಿನ 15 ಆಂಪ್ ಫ್ಯೂಸ್ ಎರಡು ಸಲ ಹೋಯಿತು, ಗ್ಯಾರೇಜಿನವರು 30 ಹಾಕಿ ಅಂತಿದ್ದಾರೆ. ಹಾಕಲಾ?

ರಿಲೇ_ರಂಗಣ್ಣ:
30 ಖಂಡಿತ ಬೇಡ ಸರ್. ಫ್ಯೂಸ್ ಇರುವುದು ಫ್ಯಾನ್ ಕಾಯುವುದಕ್ಕಲ್ಲ, ವೈರ್ ಕಾಯುವುದಕ್ಕೆ. ಶಾರ್ಟ್ ಆದರೆ 30ರ ಫ್ಯೂಸ್ ಹೋಗುವಷ್ಟರಲ್ಲಿ 1.5ರ ವೈರ್ ಪಕ್ಕದ ವೈರ್ ಕಟ್ಟನ್ನೂ ಸುಟ್ಟಿರುತ್ತೆ. ಮೋಟರ್ ಸ್ಟಾರ್ಟ್ ಆಗುವ ಕ್ಷಣಕ್ಕೆ ಬರೆದಿರುವ ಆಂಪ್‌ನ ಎರಡು ಮೂರು ಪಟ್ಟು ಎಳೆಯುತ್ತೆ, ಅದಕ್ಕೇ 15 ಹೋಗುತ್ತಿರುವುದು. ಸರಿಯಾದ ದಾರಿ ಅಂದರೆ 4 ಸ್ಕ್ವೇರ್ ಎಂಎಂ ವೈರ್, ಅದಕ್ಕೆ 25 ಆಂಪ್ ಫ್ಯೂಸ್.

ಆದರೆ ನಿಮ್ಮ ಮೂರೂ ತೊಂದರೆಗೆ ಬೇರು ಒಂದೇ ಇರುವ ಹಾಗಿದೆ: 30ನೇ ಪಿನ್ನಿಗೆ ಬಿಳಿ ವೈರ್. ಲೂಕಾಸ್ ಬಣ್ಣದ ಲೆಕ್ಕದಲ್ಲಿ ಬಿಳಿ ಅಂದರೆ ಇಗ್ನಿಷನ್ ಸ್ವಿಚ್ ದಾಟಿ ಬಂದದ್ದು, ಫ್ಯೂಸ್ ಇಲ್ಲದ್ದು. ಅಂದರೆ ಫ್ಯಾನಿನ ಪೂರ್ತಿ ಕರೆಂಟ್ ಐವತ್ತು ವರ್ಷದ ಕೀ ಸ್ವಿಚ್ಚಿನ ಕಾಂಟ್ಯಾಕ್ಟ್ ಮೇಲೆ ಹಾದು ಬರುತ್ತಿದೆ. ರಿಲೇ ಹಾಕಿದ ಉದ್ದೇಶವೇ ಕೆಟ್ಟಿತಲ್ಲ!

ಬಿಚ್ಚುವ ಮೊದಲು ಅಳತೆ ಮಾಡಿ. ಎಂಜಿನ್ 1500 ಆರ್‌ಪಿಎಂನಲ್ಲಿಟ್ಟು, ಫ್ಯಾನ್ ಓಡುತ್ತಿರುವಾಗಲೇ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಮೂರು ಕಡೆ ನೋಡಿ. ಫ್ಯಾನ್ ಕನೆಕ್ಟರಿನ ಪ್ಲಸ್–ಮೈನಸ್ ನಡುವೆ ಎಷ್ಟು. ಸ್ಟಾರ್ಟರ್ ಸೊಲೆನಾಯ್ಡಿನ (ಸ್ಟಾರ್ಟರ್ ಮೋಟರಿನ ದೊಡ್ಡ ಸ್ವಿಚ್) ಬ್ಯಾಟರಿ ಬೋಲ್ಟ್‌ನಿಂದ ಫ್ಯಾನ್ ಪ್ಲಸ್‌ಗೆ ಎಷ್ಟು. ಫ್ಯಾನ್ ಮೈನಸ್‌ನಿಂದ ಎಂಜಿನ್ ಬ್ಲಾಕ್‌ಗೆ ಎಷ್ಟು. ಫ್ಯಾನ್ ನಿಂತಿರುವಾಗ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತೆ, ಕರೆಂಟ್ ಹರಿಯದೆ ಡ್ರಾಪ್ (ದಾರಿಯಲ್ಲಿ ಕಳೆಯುವ ವೋಲ್ಟ್) ಬರುವುದಿಲ್ಲ.

ಇನ್ನೊಂದು: ಫ್ಯಾನಿನ ಫ್ಯೂಸ್ ಕಿತ್ತು, ಎಂಜಿನ್ ಓಡಿಸಿ, ಕೀ ಆಫ್ ಮಾಡಿ. ಆಗ ಪಟ್ಟಂತ ನಿಂತರೆ ಅದು ಬ್ಯಾಕ್‌ಫೀಡ್, ಅಂದರೆ ಫ್ಯಾನ್ ಕಡೆಯಿಂದ ಉಲ್ಟಾ ಬರುವ ಕರೆಂಟ್. ಆಗಲೂ ಗಡಗಡ ನಡುಗುತ್ತಾ ಓಡಿದರೆ ಡೀಸೆಲಿಂಗ್ (ಸ್ಪಾರ್ಕ್ ಇಲ್ಲದೆ ಬಿಸಿಗೇ ಪೆಟ್ರೋಲ್ ಉರಿಯುವುದು), ಅದಕ್ಕೂ ಫ್ಯಾನಿಗೂ ಸಂಬಂಧ ಇಲ್ಲ. ಐಡಲ್, ಟೈಮಿಂಗ್, ಕಾರ್ಬನ್ ನೋಡಬೇಕು.

ಬಸವನಗುಡಿ_ಬಿ:
ಸೊಲೆನಾಯ್ಡ್ ಬೋಲ್ಟ್‌ನಲ್ಲಿ 13.9. ಫ್ಯಾನ್ ಹತ್ತಿರ ಬರೀ 11.2. ಪ್ಲಸ್ ಕಡೆ ಡ್ರಾಪ್ 1.9, ಮೈನಸ್ ಕಡೆ 0.8. ಫ್ಯೂಸ್ ಕಿತ್ತರೆ ಎಂಜಿನ್ ತಕ್ಷಣ ನಿಲ್ಲುತ್ತೆ. ಬ್ಯಾಕ್‌ಫೀಡ್ ಅಂದರೆ ಫ್ಯಾನೇ ಕರೆಂಟ್ ಕೊಡುತ್ತಾ?

ರಿಲೇ_ರಂಗಣ್ಣ:
ಹೌದು. ಇದು ಪರ್ಮನೆಂಟ್ ಮ್ಯಾಗ್ನೆಟ್ ಮೋಟರ್. ಸುತ್ತುತ್ತಿರುವಷ್ಟು ಹೊತ್ತು ಡೈನಮೋ ಥರ. ಕೀ ಆಫ್ ಆದರೂ ಬ್ಲೇಡ್ ಸುತ್ತುತ್ತಿರುತ್ತೆ, ಆ ಕರೆಂಟ್ 87ರಿಂದ 30ಕ್ಕೆ, ಅಲ್ಲಿಂದ ಬಿಳಿ ವೈರಿಗೆ, ಅಲ್ಲಿಂದ ಇಗ್ನಿಷನ್ ಕಾಯಿಲ್‌ಗೆ. ಅದೇ ವೈರಿನಲ್ಲಿ 86 ಕೂಡ ಇರುವುದರಿಂದ ರಿಲೇ ತನ್ನನ್ನು ತಾನೇ ಹಿಡಿದುಕೊಂಡಿರುತ್ತೆ. ಬ್ಲೇಡ್ ನಿಧಾನವಾದ ಮೇಲಷ್ಟೇ ಬಿಡುತ್ತೆ.

ಡ್ರಾಪ್ ಲೆಕ್ಕ ನೋಡಿ. 1.5ರ ತಾಮ್ರದ ವೈರ್ ಮೀಟರಿಗೆ ಸುಮಾರು 0.012 ಓಮ್. ಎರಡೂವರೆ ಮೀಟರ್ ಇದ್ದರೆ 12 ಆಂಪ್‌ಗೆ 0.36 ವೋಲ್ಟ್. ನಿಮ್ಮದು 1.9. ಮಿಕ್ಕ ಒಂದೂವರೆ ವೋಲ್ಟ್ ಕೀ ಸ್ವಿಚ್, ಹಳೇ ಬುಲೆಟ್ ಕನೆಕ್ಟರ್, ಸಡಿಲ ರಿಲೇ ಪಿನ್ ಇವುಗಳಲ್ಲಿ ಬಿಸಿಯಾಗಿ ಹೋಗುತ್ತಿದೆ. ಆದ್ದರಿಂದ ವೈರ್ ಮಾತ್ರ ದಪ್ಪ ಮಾಡಿದರೆ ಪ್ರಯೋಜನ ಇಲ್ಲ, ದಾರಿಯನ್ನೇ ಬದಲಿಸಬೇಕು. ಫ್ಯಾನಿನ ವೇಗ ಹೆಚ್ಚುಕಡಿಮೆ ವೋಲ್ಟೇಜ್ ಜೊತೆಗೇ ಇಳಿಯುತ್ತೆ, ಗಾಳಿ ವೇಗದ ಜೊತೆ. 11.2 ಅಂದರೆ ಗಾಳಿಯಲ್ಲಿ ಆರನೇ ಒಂದು ಭಾಗಕ್ಕೂ ಹೆಚ್ಚು ಖೋತಾ.

ಹೊಸ ವೈರಿಂಗ್ ಹೀಗೆ:

30 – ಸೊಲೆನಾಯ್ಡಿನ ಬ್ಯಾಟರಿ ಬೋಲ್ಟ್‌ನಿಂದ ನೇರ, 4 ಸ್ಕ್ವೇರ್ ಎಂಎಂ. ಆಲ್ಟರ್ನೇಟರಿನ ದಪ್ಪ ಕಂದು ವೈರ್ ಸೇರುವುದೂ ಅಲ್ಲೇ, ಹಾಗಾಗಿ ದಾರಿ ಚಿಕ್ಕದು. 25 ಆಂಪ್ ಫ್ಯೂಸನ್ನು ಬೋಲ್ಟ್‌ನಿಂದ ಒಂದು ಗೇಣಿನೊಳಗೆ ಇಡಿ. ಫ್ಯೂಸಿಗಿಂತ ಮುಂಚಿನ ವೈರಿಗೆ ಯಾವ ರಕ್ಷಣೆಯೂ ಇರುವುದಿಲ್ಲ.
87 – ಫ್ಯಾನ್ ಪ್ಲಸ್‌ಗೆ, ಅದೇ 4ರ ವೈರ್.
86 – ಫ್ಯೂಸ್ ಬಾಕ್ಸಿನ ಹಸಿರು ವೈರಿನಿಂದ. ಅದು ಕೀ ಆನ್ ಆದಾಗ ಮಾತ್ರ ಬರುವ, ಫ್ಯೂಸ್ ದಾಟಿದ ಲೈನ್. ರಿಲೇ ಕಾಯಿಲ್ ಎಳೆಯುವುದು ಸುಮಾರು 0.15 ಆಂಪ್, 0.75ರ ವೈರ್ ಧಾರಾಳ.
85 – ಥರ್ಮೋ ಸ್ವಿಚ್ಚಿಗೆ, ಅಲ್ಲಿಂದ ಅರ್ತ್.

ಕೆಲಸ ಶುರು ಮಾಡುವ ಮುಂಚೆ ಸೀಟ್ ಹಿಂದಿರುವ ಬ್ಯಾಟರಿಯ ಅರ್ತ್ ಬಿಚ್ಚಿ. ಸೊಲೆನಾಯ್ಡ್ ಬೋಲ್ಟ್‌ಗೆ ಫ್ಯೂಸೇ ಇಲ್ಲ, ಸ್ಪ್ಯಾನರ್ ಬಾಡಿಗೆ ತಾಗಿದರೆ ಕಥೆ ಮುಗಿಯಿತು.

ಜೆಸಿ_ರೋಡ್_ಜಂಕ್ಷನ್:
ಸಾಮಾನಿನ ಬಗ್ಗೆ ಒಂದು ಮಾತು. ಎಲೆಕ್ಟ್ರಿಕಲ್ ಅಂಗಡಿಯ ಮನೆ ವೈರ್ 4 ಸ್ಕ್ವೇರ್ ಅಂತಲೇ ಸಿಗುತ್ತೆ, ಆದರೆ ಸಾಮಾನ್ಯವಾಗಿ ಅದರ ಪಿವಿಸಿ 70 ಡಿಗ್ರಿಗೆ ಮಾಡಿದ್ದು. ಬಾನೆಟ್ ಒಳಗೆ ಮೆತ್ತಗಾಗುತ್ತೆ. ಜೆಸಿ ರೋಡಿನಲ್ಲಿ ಆಟೋ ವೈರ್ ಅಂತ ಕೇಳಿ, 105 ಡಿಗ್ರಿಯದ್ದೇ ತಗೊಳ್ಳಿ. ರಿಲೇ 40 ಆಂಪ್‌ದು. ಕಂದು ಆಗಿರುವ ಸಾಕೆಟ್ಟನ್ನು ಮತ್ತೆ ಬಳಸಬೇಡಿ. ಒಮ್ಮೆ ಬಿಸಿಯಾದ ಪಿನ್ ಕ್ಲಿಪ್ಪಿಗೆ ಬಿಗಿ ಹೋಗಿರುತ್ತೆ, ಹೊಸ ರಿಲೇಯನ್ನೂ ಸುಡುತ್ತೆ. 4ರ ವೈರ್ ಹಿಡಿಯುವ 6.3 ಎಂಎಂ ಕ್ಲಿಪ್ ಬೇಕು, ಸಣ್ಣದಕ್ಕೆ ಎಳೆ ಕತ್ತರಿಸಿ ತುರುಕಬೇಡಿ. ಕ್ಲಿಪ್ಪನ್ನು ವೈರಿಗೆ ಒತ್ತಿ ಕೂರಿಸುವುದಕ್ಕೆ (ಕ್ರಿಂಪ್) ಕಟಿಂಗ್ ಪ್ಲೇಯರ್‌ನಲ್ಲಿ ಅಮುಕಿದರೆ ಸಾಲದು.

ಅರ್ತ್ ಕಡೆ 0.8 ಡ್ರಾಪ್ ಬಹುಶಃ ಪೇಂಟ್ ಮೇಲೆ ಬೋಲ್ಟ್ ಮಾಡಿದ್ದರಿಂದ. ಪೇಂಟ್ ಕೆರೆದು ಹೊಳೆಯುವ ತಗಡು ಬರಲಿ, ಲಗ್ (ವೈರ್ ತುದಿಯ ಉಂಗುರ) ಮತ್ತು ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. 0.2ಕ್ಕಿಂತ ಕೆಳಗೆ ಬರಬೇಕು.

ಫ್ಯಾನ್ ದಿಕ್ಕು ನೋಡಿದ್ದೀರಾ? ಮುಂದೆ ಹಾಕಿದ ಫ್ಯಾನ್ ಗಾಳಿಯನ್ನು ಎಂಜಿನ್ ಕಡೆಗೆ ತಳ್ಳಬೇಕು. ರೇಡಿಯೇಟರ್ ಹಿಂದೆ ಪೇಪರ್ ತುಂಡು ಹಿಡಿದರೆ ಗೊತ್ತಾಗುತ್ತೆ. ವೈರ್ ಅದಲು ಬದಲು ಮಾಡಿದರೆ ದಿಕ್ಕು ಬದಲಾಗುತ್ತೆ, ಆದರೆ ಬ್ಲೇಡಿನ ಬಾಗು ಉಲ್ಟಾ ಇದ್ದರೆ ಗಾಳಿ ಕಡಿಮೆ. ಬ್ಲೇಡ್ ಕಳಚಿ ತಿರುಗಿಸಿ ಹಾಕಲು ಬರುವ ಮಾದರಿಯಾದರೆ ಹಾಗೆ ಮಾಡಿ.

ಬಸವನಗುಡಿ_ಬಿ:
ಎಲ್ಲಾ ಬದಲಿಸಿದೆ. ಈಗ ಫ್ಯಾನ್ ಹತ್ತಿರ 13.5, ಅರ್ತ್ ಡ್ರಾಪ್ 0.1. ಕೀ ಆಫ್ ಮಾಡಿದ ಕೂಡಲೇ ನಿಲ್ಲುತ್ತೆ. ಆದರೆ ಬಿಸಿಯಾದ ಮೇಲೆ ಒಮ್ಮೆ ಶುರುವಾದ ಫ್ಯಾನ್ ನಿಲ್ಲುವುದೇ ಇಲ್ಲ, ಏರ್‌ಪೋರ್ಟ್ ರೋಡಿನಲ್ಲಿ 80ರಲ್ಲಿ ಹೋಗುವಾಗಲೂ. ಸ್ವಿಚ್ ಮೇಲಿನ ಹೋಸ್‌ನ ಅಡಾಪ್ಟರಿನಲ್ಲಿದೆ, 82 ಡಿಗ್ರಿಗೆ ಆನ್, 77ಕ್ಕೆ ಆಫ್. ಥರ್ಮೋಸ್ಟಾಟ್ (ಎಂಜಿನ್ ನೀರಿನ ಬಿಸಿ ಕಾಯುವ ವಾಲ್ವ್) 82ರದ್ದು.

ರಿಲೇ_ರಂಗಣ್ಣ:
ನಿಲ್ಲುವುದು ಹೇಗೆ ಸರ್! 82ರ ಥರ್ಮೋಸ್ಟಾಟ್ ಮೇಲಿನ ಹೋಸ್‌ನಲ್ಲಿ ನೀರನ್ನು 82ರ ಆಸುಪಾಸಿನಲ್ಲೇ ಇಡುತ್ತೆ, 77ಕ್ಕೆ ಇಳಿಯಲು ಬಿಡುವುದೇ ಇಲ್ಲ. ಮೇಲಿನ ಹೋಸ್‌ಗೆ 92 ಆನ್, 87 ಆಫ್ ಸ್ವಿಚ್ ಹಾಕಿ. ಈಗಿರುವುದನ್ನೇ ಉಳಿಸಿಕೊಳ್ಳುವುದಾದರೆ ರೇಡಿಯೇಟರ್‌ನಿಂದ ತಣ್ಣಗಾಗಿ ಹೊರಬರುವ ಕೆಳಗಿನ ಹೋಸ್‌ಗೆ ಸರಿಸಬಹುದು. ನನಗೆ ಮೇಲಿನದೇ ಇಷ್ಟ, ಎಂಜಿನ್‌ನಿಂದ ಬರುವ ನೀರಿನ ಬಿಸಿ ನೇರವಾಗಿ ಸಿಗುತ್ತೆ.

ಒಂದೇ ಪಿನ್ನಿನ ಸ್ವಿಚ್ ಆದರೆ ಅಡಾಪ್ಟರಿಗೆ ಪ್ರತ್ಯೇಕ ಅರ್ತ್ ವೈರ್ ಕೊಡಿ. ಎರಡೂ ಕಡೆ ರಬ್ಬರ್ ಇರುವುದರಿಂದ ಅದಕ್ಕೆ ಬಾಡಿ ಸಿಗುವುದಿಲ್ಲ.

92 ಅಂದರೆ ಹೆದರಬೇಡಿ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತೆ. ಆದರೆ ಒತ್ತಡ ಹಿಡಿಯುವ 10 ಪಿಎಸ್‌ಐ ರೇಡಿಯೇಟರ್ ಕ್ಯಾಪ್ ಸರಿ ಇದ್ದರೆ 110 ದಾಟಿದ ಮೇಲೇ. ಕ್ಯಾಪಿನ ರಬ್ಬರ್ ಬಿರಿದಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಅದನ್ನು ಮೊದಲು ನೋಡಿ. ಎಂಜಿನ್ ತಣ್ಣಗಿದ್ದಾಗ.

ರಾತ್ರಿ ಮಳೆಯಲ್ಲಿ ಚಾರ್ಜಿಂಗ್ ಮೇಲೂ ಕಣ್ಣಿಡಿ. ಫ್ಯಾನ್ 13 ಆಂಪ್, ಹೆಡ್‌ಲೈಟ್ ಮತ್ತು ಟೈಲ್ ಸೇರಿ 11, ವೈಪರ್ 3, ಇಗ್ನಿಷನ್ 4. ಒಟ್ಟು 31 ಆಯಿತು. 16ಎಸಿಆರ್ ಕೊಡುವುದು ಹೆಚ್ಚೆಂದರೆ 34, ಅದೂ ಎಂಜಿನ್ ಜೋರಾಗಿ ಓಡುವಾಗ. ಸಿಗ್ನಲ್‌ನಲ್ಲಿ ಬ್ಯಾಟರಿ 12.5 ವೋಲ್ಟ್‌ಗಿಂತ ಕೆಳಗೆ ಇಳಿದರೆ ದೊಡ್ಡ ಆಲ್ಟರ್ನೇಟರ್ ಯೋಚಿಸಿ.

ಮಲ್ಲೇಶ್ವರ_64:
ನನ್ನದು 1964ರ ಪಾಸಿಟಿವ್ ಅರ್ತ್, ಡೈನಮೋ ಕಾರು. ಇದೇ ವೈರಿಂಗ್ ನಡೆಯುತ್ತಾ?

ಜೆಸಿ_ರೋಡ್_ಜಂಕ್ಷನ್:
ವೈರಿಂಗ್ ನಡೆಯುತ್ತೆ, ಫ್ಯಾನಿನ ಪ್ಲಸ್ ಬಾಡಿಗೆ, ಮೈನಸ್ 87ಕ್ಕೆ. ಮೊದಲು ಮೋಟರಿನ ಕವಚಕ್ಕೂ ಎರಡು ವೈರಿಗೂ ಕಂಟಿನ್ಯುಟಿ (ಒಳಗೆ ಸಂಪರ್ಕ ಇದೆಯಾ ಅಂತ) ನೋಡಿ, ಮೈನಸ್ ವೈರ್ ಕವಚಕ್ಕೆ ಸೇರಿದ್ದರೆ ಹಾಕಿದ ತಕ್ಷಣ ಶಾರ್ಟ್. ರಿಲೇ ಒಳಗೆ ಡಯೋಡ್ ಇದ್ದರೆ 85, 86 ಅದಲು ಬದಲು ಮಾಡಬೇಕು. ಆದರೆ ನಿಮ್ಮ ಕಾರಿನ ಸಿ40 ಡೈನಮೋ ಪೂರ್ತಿ ಓಡಿದರೂ 22 ಆಂಪ್, ಐಡಲ್‌ನಲ್ಲಿ ಚಾರ್ಜ್ ಇಲ್ಲವೆಂದೇ ಹೇಳಬೇಕು. ಜಾಮ್‌ನಲ್ಲಿ ಫ್ಯಾನ್ ಪೂರ್ತಿ ಬ್ಯಾಟರಿ ಮೇಲೇ. ಹಳೇ ಫ್ಯಾನ್ ತೆಗೆಯದೆ, ಮುಂದೆ 10 ಇಂಚಿನ ಸಣ್ಣದೊಂದು ಹಾಕಿ, ಅದೂ ತೀರಾ ಬಿಸಿಯಾದಾಗ ಮಾತ್ರ ಆನ್ ಆಗುವ ಹಾಗೆ.