ಡರ್ಬನ್ನಿನ ಕೆಂಪ ನಮ್ಮ ಕೆಂಪಣ್ಣನೇ?

ಎಲ್ಲರಿಗೂ ನಮಸ್ಕಾರ. ಮೊಬೈಲಿನಲ್ಲಿ ಬರೆಯಲು ಕೂತರೆ ಕಣ್ಣಲ್ಲಿ ನೀರು ಬರುತ್ತದೆ, ಹಾಗಾಗಿ ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ. ಒಲೆಯ ಮೇಲೆ ಹಾಲಿಟ್ಟವರು ಇಳಿಸಿ ಬಂದು ಕೇಳಿ.

ನಿನ್ನೆ ಪುಟ್ಟಿ ಹಾಕಿದ ಪತ್ರವನ್ನು ಮೂರು ಸಲ ಓದಿದೆ. ದಕ್ಷಿಣ ಆಫ್ರಿಕಾದ ಡರ್ಬನ್ನಿನ ಹೆಣ್ಣುಮಗಳೊಬ್ಬರು, ತಮ್ಮ ಮುತ್ತಜ್ಜ ಮೈಸೂರು ಸೀಮೆಯಿಂದ ಕಬ್ಬಿನ ತೋಟದ ಕೂಲಿಗೆ ಹೋದವನು, ನಮ್ಮ ಮನೆಯಿಂದ ಕಾಣೆಯಾದ ಕೆಂಪಣ್ಣ ಅವನೇ ಇರಬಹುದೇ ಎಂದು ಕೇಳಿದ್ದಾರೆ. ಅವರು ಕೇಳಿದ್ದಾರೆ ಅಷ್ಟೇ. ನೀವೆಲ್ಲ ರಾತ್ರಿಯೊಳಗೆ ಉತ್ತರವನ್ನೂ ಕೊಟ್ಟುಬಿಟ್ಟಿರಿ! ಮೈಸೂರಿನ ಅಣ್ಣ ಕುಲವೃಕ್ಷದಲ್ಲಿ ಹೆಸರು ಸೇರಿಸಿದ್ದೂ ಆಯಿತು. ಸ್ವಲ್ಪ ತಾಳಿ.

ಅವರು ಕಳಿಸಿದ ಹಡಗಿನ ಪಟ್ಟಿಯ ಹಾಳೆಯನ್ನು ದೊಡ್ಡದು ಮಾಡಿ ನೋಡಿದೆ. ಮದ್ರಾಸಿನಿಂದ 1884ರಲ್ಲಿ ಹೊರಟ ಹಡಗು. ಹೆಸರು ಕೆಂಪ, ವಯಸ್ಸು 25, ತಂದೆಯ ಹೆಸರು ‘ಮೂಡ’, ಜಿಲ್ಲೆ ಮೈಸೂರು, ತಾಲ್ಲೂಕು ಬೆಂಗಳೂರು, ಹಳ್ಳಿ ‘ಓಸಾಪಲ್ಲಿ’. ಗುರುತು, ಎಡ ಮೊಣಕಾಲಿನ ಕೆಳಗೆ ಗಾಯದ ಕಲೆ. ಚಿಕ್ಕಪ್ಪ ಆ ಕಲೆಯನ್ನೇ ಹಿಡಿದುಕೊಂಡಿದ್ದಾರೆ. ಚಿಕ್ಕಪ್ಪ, ಕುಡುಗೋಲು ಹಿಡಿದು ಬೆಳೆದ ಹುಡುಗರಲ್ಲಿ ಮೊಣಕಾಲಿನ ಕೆಳಗೆ ಕಲೆಯಿಲ್ಲದವನನ್ನು ಒಬ್ಬನನ್ನು ತೋರಿಸಿ, ನಿಮ್ಮನ್ನೂ ಸೇರಿಸಿ.

ಹೆಸರಿನಿಂದಲೂ ಏನೂ ಸಾಬೀತಾಗುವುದಿಲ್ಲ. ಕೆಂಪೇಗೌಡರ ಸೀಮೆಯಲ್ಲಿ ಕೆಂಪ ಎಂಬ ಹೆಸರಿಗೆ ಬರವೇ? ‘ಮೂಡ’ ಎಂದರೆ ನಮ್ಮ ಕೆಂಪಣ್ಣನ ಅಪ್ಪ ಮುದ್ದೇಗೌಡನ ಮುದ್ದ ಇರಬಹುದು, ತಮಿಳಿನ ಮುತ್ತು ಕೂಡ ಇರಬಹುದು. ಗುಮಾಸ್ತ ಕಿವಿಗೆ ಬಿದ್ದದ್ದನ್ನು ಇಂಗ್ಲಿಷಿನಲ್ಲಿ ಗೀಚಿಕೊಂಡಿದ್ದಾನೆ. ಇನ್ನು ಜಿಲ್ಲೆಯ ಅಂಕಣದಲ್ಲಿರುವ ‘ಮೈಸೂರು’ ಜಿಲ್ಲೆಯೋ, ಇಡೀ ಮೈಸೂರು ಸಂಸ್ಥಾನವೋ? ಅದರ ಕೆಳಗೆ ಬೆಂಗಳೂರು ಇರುವುದನ್ನು ನೋಡಿದರೆ ಸಂಸ್ಥಾನವೇ ಸರಿ. ಆಗ ಕುಣಿಗಲ್ಲಿನವನೂ ಮೈಸೂರಿನವನೇ, ಕೋಲಾರದವನೂ ಮೈಸೂರಿನವನೇ. ಬೆಂಗಳೂರು ಅವನ ತಾಲ್ಲೂಕಾಗಿರಬೇಕೆಂದೂ ಇಲ್ಲ, ಕೂಲಿಗೆ ಆಳು ಸೇರಿಸುವ ಮೇಸ್ತ್ರಿಯ ಕೈಗೆ ಸಿಕ್ಕ ಊರಷ್ಟೇ ಇರಬಹುದು. ಅಲ್ಲಿಂದ ಜೋಲಾರ್‌ಪೇಟೆಯ ಮೂಲಕ ಮದ್ರಾಸಿಗೆ ರೈಲು 1864ರಿಂದಲೇ ಇತ್ತು.

ಆದರೆ ‘ಓಸಾಪಲ್ಲಿ’ ಎಂಬ ಆ ಒಂದು ಪದ ನನ್ನನ್ನು ರಾತ್ರಿ ಮಲಗಗೊಡಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿ ನೋಡಿ. ‘ಹೊಸ’ವನ್ನು ‘ಒಸ’ ಎಂದವನು ನಮ್ಮ ಹಳ್ಳಿಗಾಡಿನವನು, ಹಕಾರ ನುಂಗಿದ್ದಾನೆ. ‘ಹಳ್ಳಿ’ಯನ್ನು ‘ಪಲ್ಲಿ’ ಮಾಡಿದವನು ಮದ್ರಾಸಿನ ಕಡೆಯ ಬರವಣಿಗೆಯವನು, ತನ್ನ ಊರುಗಳ ರೂಢಿಯಂತೆ ಬರೆದಿದ್ದಾನೆ. ಒಸಹಳ್ಳಿ ಎಂದು ಒಬ್ಬ ಹೇಳುತ್ತಿದ್ದಾನೆ, ಇನ್ನೊಬ್ಬ ತಲೆಯೆತ್ತದೆ ಬರೆಯುತ್ತಿದ್ದಾನೆ. ಆ ಮೇಜು ನನಗೆ ಕಣ್ಣಿಗೆ ಕಟ್ಟಿತು. ಆದರೂ ಕೇಳಿ, ಹೊಸಹಳ್ಳಿ ಎಂಬ ಊರು ಎಷ್ಟಿವೆ? ನಮ್ಮ ತಾಲ್ಲೂಕಿನಲ್ಲೇ ಬಸ್ ಹತ್ತುವಾಗ ಯಾವ ಹೊಸಹಳ್ಳಿ ಎಂದು ಕಂಡಕ್ಟರ್ ಕೇಳುತ್ತಾನೆ.

ಈಗ ನಮ್ಮ ಕಡೆಯ ಕಥೆ. ಅಜ್ಜಿ ಹೇಳುತ್ತಿದ್ದದ್ದು, ಕೆಂಪಣ್ಣ ಧಾತು ಬರದಲ್ಲಿ ಮನೆ ಬಿಟ್ಟ, ಕಾಫಿ ತೋಟಕ್ಕೆ ಹೋಗುತ್ತೇನೆಂದು ಹೋದವನು ತಿರುಗಿ ಬರಲಿಲ್ಲ ಎಂದು. ಧಾತು ಸಂವತ್ಸರವೆಂದರೆ 1876–77. ಮೈಸೂರು ಸಂಸ್ಥಾನದ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿಯಿತು, ಅಂಥ ಬರ. ಹಡಗು 1884ರದ್ದು. ನಡುವೆ ಏಳೆಂಟು ವರ್ಷ ಅವನು ಎಲ್ಲಿದ್ದ? ಕಾಫಿ ತೋಟದಲ್ಲಿದ್ದು ಆಮೇಲೆ ಹಡಗು ಹತ್ತಿರಬಹುದು. ಬರದಲ್ಲೇ ದಾರಿಯಲ್ಲಿ ಸತ್ತಿರಲೂಬಹುದು, ಹೇಳಲು ಮನಸ್ಸು ಬಾರದಿದ್ದರೂ.

ನಾನು ಹೈಸ್ಕೂಲಿನಲ್ಲಿದ್ದಾಗ, ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವ ಹೆಳವರ ಯಜಮಾನ ಎತ್ತಿನ ಮೇಲೆ ಬಂದು ನಮ್ಮ ಜಗುಲಿಯಲ್ಲಿ ಕೂತು ವಂಶ ಹೊಗಳಿದ್ದು ನೆನಪಿದೆ. ಮುದ್ದೇಗೌಡನಿಗೆ ಇಬ್ಬರು ಗಂಡುಮಕ್ಕಳು ಎಂದ. ಹಿರಿಯನ ಕವಲನ್ನು ನಮ್ಮಪ್ಪನವರೆಗೂ ತಂದ. ಕಿರಿಯ ಕೆಂಪನ ಹೆಸರು ಹೇಳಿ, ‘ಮುಂದಿಲ್ಲ’ ಎಂದು ಹಾಳೆ ಮಗುಚಿದ. ಅಜ್ಜಿ ಮೊರದ ತುಂಬ ರಾಗಿ ತಂದು ಸುರಿದರು. ಆ ಹೆಳವರ ಮನೆಯವರು ಈಗ ಎಲ್ಲಿದ್ದಾರೆಂದು ಯಾರಿಗಾದರೂ ಗೊತ್ತಿದ್ದರೆ ಹೇಳಿ, ಆ ಪುಸ್ತಕ ನನಗೆ ಬೇಕು.

ಡಿಎನ್‌ಎ ಪರೀಕ್ಷೆ ಮಾಡಿಸೋಣ ಎಂದಿದ್ದಾನೆ ತಮ್ಮ. ಮಾಡಿಸು, ಬೇಡ ಎನ್ನುವುದಿಲ್ಲ. ಆದರೆ ಮುತ್ತಜ್ಜಂದಿರು ಅಣ್ಣತಮ್ಮಂದಿರಾದರೆ ಮರಿಮಕ್ಕಳು ಹಂಚಿಕೊಳ್ಳುವುದು ಸರಾಸರಿ ಶೇಕಡ ಒಂದಕ್ಕೂ ಕಡಿಮೆ, ಕೆಲವರಲ್ಲಿ ಏನೂ ಕಾಣಿಸುವುದಿಲ್ಲ. ಜೊತೆಗೆ ನಮ್ಮಲ್ಲಿ ತಲೆತಲಾಂತರದಿಂದ ಸೋದರಮಾವನಿಗೆ ಕೊಟ್ಟು, ಅತ್ತೆಯ ಮಗನಿಗೆ ಕೊಟ್ಟು ರಕ್ತವೆಲ್ಲ ಕಲಸಿಹೋಗಿದೆ. ಸುತ್ತಲಿನ ಹತ್ತು ಹಳ್ಳಿಯ ಯಾವ ಮನೆಯವನು ಕೊಟ್ಟರೂ ನೆಂಟನೆಂದೇ ಬಂದೀತು.

ಇನ್ನೊಂದು ಸಣ್ಣ ತಿದ್ದುಪಡಿ. ಕರಾರು ಮುಗಿದ ಮೇಲೂ ಅಲ್ಲೇ ಉಳಿದ ಕೂಲಿಗಳ ಮೇಲೆ ಹಾಕಿದ ಮೂರು ಪೌಂಡ್ ತೆರಿಗೆಯ ಕಾಟದಿಂದ ಅವನು ವಾಪಸು ಬರಲಾಗಲಿಲ್ಲ ಎಂದು ಯಾರೋ ಬರೆದಿದ್ದೀರಿ. ಆ ಕಾನೂನು 1895ರದ್ದು, ಅದರ ನಂತರ ಕರಾರು ಮಾಡಿಕೊಂಡವರಿಗೆ ಅನ್ವಯ. ಇವನ ಕಾಲದಲ್ಲಿ ಐದು ವರ್ಷದ ಕರಾರು, ತಿಂಗಳಿಗೆ 10 ಷಿಲಿಂಗ್‌ನಿಂದ ಶುರು, ಹತ್ತು ವರ್ಷ ಅಲ್ಲಿದ್ದರೆ ಹಿಂದಿರುಗಲು ಹಡಗಿನ ಖರ್ಚು ಸರ್ಕಾರದ್ದು. ಬರಬಹುದಿತ್ತು, ಬರಲಿಲ್ಲ. 1860ರಿಂದ 1911ರವರೆಗೆ ಡರ್ಬನ್ ಇರುವ ನಟಾಲ್ ಸೀಮೆಗೆ ಹೋದ ಒಂದೂವರೆ ಲಕ್ಷ ಜನರಲ್ಲಿ ಬಹಳಷ್ಟು ಮಂದಿ ಅಲ್ಲೇ ಉಳಿದರು.

ಇಷ್ಟೆಲ್ಲ ಅನುಮಾನ ಹೇಳಿದವನೇ ಈಗ ಒಂದು ಮಾತು ಒಪ್ಪುತ್ತೇನೆ. ಆಕೆಯ ಪತ್ರದ ಕೊನೆಯ ಸಾಲನ್ನು ನೀವ್ಯಾರೂ ಗಮನಿಸಿಲ್ಲ. ಅವರ ಮನೆಯಲ್ಲಿ ತಮಿಳು, ಆಮೇಲೆ ಇಂಗ್ಲಿಷ್. ಆದರೆ ಅಜ್ಜಿ ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತಿರುವಿ, ಉಂಡೆ ಕಟ್ಟಿ, ಅದನ್ನು ‘ಇಟ್ಟು’ ಎನ್ನುತ್ತಿದ್ದರಂತೆ. ಅದು ಯಾವ ಭಾಷೆ ಎಂದು ಆಕೆ ಕೇಳಿದ್ದಾರೆ. ತಮಿಳರು ಅದಕ್ಕೆ ಕಳಿ ಎನ್ನುತ್ತಾರೆ, ತೆಲುಗರು ಸಂಗಟಿ ಎನ್ನುತ್ತಾರೆ. ಮುದ್ದೆಗೆ ಹಿಟ್ಟು ಎನ್ನುವವರು, ಅದರಲ್ಲೂ ಹಕಾರ ಬಿಟ್ಟು ಇಟ್ಟು ಎನ್ನುವವರು ನಾವು. ರಾಗಿಯಿಲ್ಲದ ಊರಿನಲ್ಲಿ ಪಡಿಗೆ ಸಿಕ್ಕ ಮೆಕ್ಕೆಜೋಳದಲ್ಲೇ ತಿರುವಿದ್ದಾರೆ. ಆ ಕೆಂಪ ಕನ್ನಡದವನು, ನಮ್ಮ ಸೀಮೆಯವನು ಎಂದು ನಾನು ಅದೊಂದರ ಮೇಲೆ ನಂಬುತ್ತೇನೆ. ನಮ್ಮ ಮನೆಯವನೇ ಎಂದು ಹೇಳಲು ಅದು ಸಾಲದು.

ಪುಟ್ಟಿ, ಆಕೆಗೆ ಹೀಗೆ ಬರೆ. ಕೂಲಿಗಳ ಮೇಲ್ವಿಚಾರಣೆಯ ಕಚೇರಿಯ ಕಡತಗಳು ಪೀಟರ್‌ಮ್ಯಾರಿಟ್ಸ್‌ಬರ್ಗ್‌ನ ದಾಖಲೆ ಭಂಡಾರದಲ್ಲಿವೆ. ಹಡಗಿನ ಪಟ್ಟಿಯಲ್ಲಿರುವ ಅವನ ಸಂಖ್ಯೆ ಹಿಡಿದು ಅಲ್ಲಿ ಮದುವೆಯ ಅಥವಾ ಮರಣದ ಕಾಗದ ಹುಡುಕಲಿ. ತಂದೆಯ ಹೆಸರನ್ನು ಎರಡನೆಯ ಗುಮಾಸ್ತ ಹೇಗೆ ಕೇಳಿಸಿಕೊಂಡಿದ್ದಾನೆ ಎಂದು ನೋಡೋಣ. ಮೈಸೂರಿನ ಅಣ್ಣ, ಕುಲವೃಕ್ಷದಲ್ಲಿ ಅವನ ಹೆಸರನ್ನು ಅಳಿಸಬೇಡಿ, ಪೆನ್ಸಿಲಿನಲ್ಲಿ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಆಕೆ ಜನವರಿಯಲ್ಲಿ ಬರುತ್ತಾರಂತೆ. ಅತ್ತಿಗೆ, ಅವತ್ತು ಪಲಾವು ಗಿಲಾವು ಬೇಡ, ಹಿಟ್ಟು ತಿರುವಿ, ಅವರೆಕಾಳಿನ ಸಾರು ಮಾಡಿ. ಇಡುತ್ತೇನೆ.