ಸಹಾಯ ಬೇಕು: ಉಕ್ರೇನ್‌ನಿಂದ ಬಂದ ನರ್ಸ್‌ಗೆ ಜರ್ಮನಿಯಲ್ಲಿ ಮಾನ್ಯತೆ

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯವರು 2022ರಲ್ಲಿ ಯುದ್ಧ ಶುರುವಾದಾಗ ಮಗಳ ಕೈ ಹಿಡಿದು ಖಾರ್ಕಿವ್‌ನಿಂದ ಇಲ್ಲಿ ಲೈಪ್‌ಜಿಗ್‌ಗೆ ಬಂದರು. ಅಲ್ಲಿ 14 ವರ್ಷ ನರ್ಸ್ ಆಗಿದ್ದವರು ಇಲ್ಲಿ ಆಫೀಸ್ ಕ್ಲೀನಿಂಗ್ ಮಾಡುತ್ತಿದ್ದಾರೆ. ಉಕ್ರೇನ್ ಯುದ್ಧದಿಂದ ಬಂದವರಿಗೆ ಇಲ್ಲಿ ಉಳಿಯಲು ಕೊಡುವ ತಾತ್ಕಾಲಿಕ ರಕ್ಷಣೆ ಇರುವುದರಿಂದ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ನರ್ಸ್ ಆಗಲು ಅಲ್ಲಿನ ಓದಿಗೆ ಇಲ್ಲಿ ಮಾನ್ಯತೆ ಬೇಕು, ಜೊತೆಗೆ ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟದ ಪರೀಕ್ಷೆ ಪಾಸಾಗಿರಬೇಕು. ಭಾಷೆ ಪಾಸಾಯ್ತು! ಫ್ರಿಡ್ಜ್ ಬಾಗಿಲು ಕಾಣದಷ್ಟು ಹಳದಿ ಚೀಟಿ ಅಂಟಿಸಿ, ರಾತ್ರಿ ಮಗಳಿಗೆ ಪಾಠ ಒಪ್ಪಿಸುತ್ತಿದ್ದರು.

ಈಗ ತೊಡಕು ದಾಖಲೆಯದು. ಯಾವ ವಿಷಯ ಎಷ್ಟು ಗಂಟೆ ಓದಿದ್ದರು ಅನ್ನೋ ಪಟ್ಟಿ ಊರಲ್ಲೇ ಉಳಿದಿದೆ. ಕಾಲೇಜಿಂದ ಉತ್ತರವಿಲ್ಲ.

ಇಲ್ಲಿ ನರ್ಸ್ ಆಗಿರುವವರು ಯಾರಾದರೂ ಇದ್ದೀರಾ? ಆ ಪಟ್ಟಿ ಇಲ್ಲದೆ ನೇರವಾಗಿ ಮಾನ್ಯತೆಗಾಗಿ ನಡೆಸುವ ಜ್ಞಾನ ಪರೀಕ್ಷೆಗೆ ಕೂರಬಹುದಾ? ಅದರ ಪ್ರಾಕ್ಟಿಕಲ್‌ಗೆ ಹೇಗೆ ತಯಾರಾದಿರಿ? ದಯವಿಟ್ಟು ತಿಳಿಸಿ.